ಕಾಗದದಲ್ಲಿ ಹಕ್ಕು, ಕೌಂಟರಿನಲ್ಲಿ ಕಡ್ಡಾಯ

ಒಂದು ಜಿಬಿ ಡೇಟಾ ಒಂದು ಕಪ್ ಚಹಾಕ್ಕಿಂತ ಅಗ್ಗವಂತೆ. 2025ರ ಅಕ್ಟೋಬರ್‌ನಲ್ಲಿ ಇಂಡಿಯಾ ಮೊಬೈಲ್ ಕಾಂಗ್ರೆಸ್ ವೇದಿಕೆಯಲ್ಲಿ ಪ್ರಧಾನಿಗಳೇ ಹೇಳಿದ್ದು. ಲೆಕ್ಕ ಹಾಕಿ ನೋಡಿ, ಸುಳ್ಳಲ್ಲ. ಸುಳ್ಳಲ್ಲದ ಮಾತೆಲ್ಲ ನಿಜವೂ ಅಲ್ಲ, ಅಷ್ಟೇ.

ನಮ್ಮೂರು ಎಡಪ್ಪಾಡಿಯ ಬಸ್ ಸ್ಟ್ಯಾಂಡಿನ ಯಾವ ಅಂಗಡಿಗಾದರೂ ಹೋಗಿ ಒಂದು ಟೀ ಕೇಳಿ. ಒಂದು ಟೀ ಕೊಡುತ್ತಾರೆ. ಕುಡಿದು, ದುಡ್ಡು ಕೊಟ್ಟು, ಎದ್ದು ಬರಬಹುದು. ಇಪ್ಪತ್ತೆಂಟು ದಿನದ ಟೀಗೆ ಇವತ್ತೇ ಹಣ ಕಟ್ಟು, ದಿನಕ್ಕೆ ಒಂದೂವರೆ ಲೋಟ ಕೊಡುತ್ತೇನೆ, ಕುಡಿಯದೆ ಉಳಿದದ್ದನ್ನು ರಾತ್ರಿ ಹನ್ನೆರಡಕ್ಕೆ ಚರಂಡಿಗೆ ಚೆಲ್ಲುತ್ತೇನೆ ಅನ್ನುವ ಟೀ ಅಂಗಡಿಯವನು ನಮ್ಮೂರಲ್ಲಿಲ್ಲ. ಇದ್ದಿದ್ದರೆ ಒಂದು ವಾರ ಬಾಳುತ್ತಿರಲಿಲ್ಲ. ಟೆಲಿಕಾಂ ಕಂಪನಿಗಳು ಬಾಳುತ್ತಿವೆ. ಚೆನ್ನಾಗಿಯೇ ಬಾಳುತ್ತಿವೆ.

ಇಪ್ಪತ್ತೆಂಟು ದಿನಕ್ಕೆ ತಿಂಗಳು ಮುಗಿಯುವುದು ಫೆಬ್ರವರಿಯಲ್ಲಿ, ಅದೂ ಎಲ್ಲ ವರ್ಷವೂ ಅಲ್ಲ. ಕಂಪನಿಗಳ ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳೂ ಫೆಬ್ರವರಿಯೇ. ಹಾಗಾಗಿ ವರ್ಷಕ್ಕೆ ಹದಿಮೂರು ರೀಚಾರ್ಜ್. ಟ್ರಾಯ್ ಎಂಬ ನಿಯಂತ್ರಕ ಸಂಸ್ಥೆಯ ಗಮನಕ್ಕೆ ಈ ವಿಷಯ 2022ರ ಜನವರಿಯಲ್ಲಿ ಬಂತು. ಆದೇಶವೂ ಹೊರಟಿತು: ಮೂವತ್ತು ದಿನದ ಪ್ಲಾನ್ ಒಂದಾದರೂ ಇಡಿ. ಒಂದಾದರೂ! ಕಂಪನಿಗಳು ವಿಧೇಯ ಮಕ್ಕಳಂತೆ ಇಟ್ಟವು. ಆ್ಯಪಿನ ಯಾವ ಮೂಲೆಯಲ್ಲಿ ಇಟ್ಟವೆಂದು ಹುಡುಕುವುದು ನಿಮ್ಮ ಕೆಲಸ.

2024ರ ಜುಲೈ 3ರಂದು ದರ ಏರಿತು. ಮೂರೂ ಖಾಸಗಿ ಕಂಪನಿಗಳಿಗೆ ಒಂದೇ ವಾರದಲ್ಲಿ ನಷ್ಟದ ಅರಿವಾಯಿತು. ಕಾಕತಾಳೀಯ ಇರಬೇಕು. ದಿನಕ್ಕೆ ಒಂದೂವರೆ ಜಿಬಿಯ ಜಿಯೋ ಪ್ಲಾನ್ 239 ರೂಪಾಯಿಯಿಂದ 299ಕ್ಕೆ ಹೋಯಿತು. ಮನೆಯಲ್ಲಿ ನಾಲ್ಕು ಫೋನ್ ಇದ್ದರೆ ಇಪ್ಪತ್ತೆಂಟು ದಿನಕ್ಕೆ 1,196 ರೂಪಾಯಿ. ವರ್ಷಕ್ಕೆ 15,548. ಚಹಾಕ್ಕಿಂತ ಅಗ್ಗವಂತೆ.

ಹಾಗಾದರೆ ಮನೆಗೆ ಒಂದೇ ಒಂದು ತಂತಿ ಎಳೆಸಿಕೊಳ್ಳಿ, ನಾಲ್ಕೂ ಫೋನಿಗೆ ಸಾಕು, ಅನ್ನುವ ಬುದ್ಧಿವಂತರಿದ್ದಾರೆ. ಬಹುಮಟ್ಟಿಗೆ ಬೆಂಗಳೂರಿನಲ್ಲಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಡಪ್ಪಾಡಿ ತಮಿಳುನಾಡಿನ ಸೇಲಂ ಜಿಲ್ಲೆಯ ಪವರ್‌ಲೂಮ್ ಊರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ದೇವಾಂಗ ನೇಕಾರರ ಬೀದಿಗಳು ಇಲ್ಲಿವೆ. ಬೆಳಗಿನಿಂದ ರಾತ್ರಿಯವರೆಗೆ ಮಗ್ಗದ ಸದ್ದು. ಆ ಸದ್ದಿನ ನಡುವೆ ಮಕ್ಕಳು ಇಂಜಿನಿಯರಿಂಗ್ ಓದುತ್ತಾರೆ. ಮುಗಿಸಿದವರು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡಲು ನೋಡುತ್ತಾರೆ. ನೋಡುವುದಷ್ಟೇ.

ಇನ್ನೊಂದು ಮಾತು. ಇದು ಮುಖ್ಯಮಂತ್ರಿಯಾಗಿದ್ದವರ ಊರು. 2017ರಿಂದ 2021ರವರೆಗೆ ತಮಿಳುನಾಡನ್ನು ಆಳಿದವರ ಹೆಸರಿನ ಮೊದಲ ಪದವೇ ಎಡಪ್ಪಾಡಿ. ಆ ನಾಲ್ಕು ವರ್ಷ ಟಿವಿ ತುಂಬ ನಮ್ಮೂರೇ. ಟಿವಿಯಲ್ಲಿ ಬಂದಷ್ಟು ಸಲೀಸಾಗಿ ನಮ್ಮೂರಿಗೆ ತಂತಿ ಬರಲಿಲ್ಲ.

ಈಗ ತಂತಿಯ ಕಥೆ. ಜಾಹೀರಾತಿನಲ್ಲಿ 499 ರೂಪಾಯಿ. ಅದರ ಮೇಲೆ ಒಂದು ನಕ್ಷತ್ರ ಚಿಹ್ನೆ. ನಕ್ಷತ್ರದ ಕೆಳಗೆ ಇರುವೆ ಓದುವಷ್ಟು ಸಣ್ಣ ಅಕ್ಷರದಲ್ಲಿ ಜಿಎಸ್‌ಟಿ ಪ್ರತ್ಯೇಕ. ಹದಿನೆಂಟು ಪರ್ಸೆಂಟ್. ಅಂದರೆ 589. ಅದನ್ನು ತಿಂಗಳು ತಿಂಗಳು ಕಟ್ಟುತ್ತೇನೆ ಅಂದರೆ ಕನೆಕ್ಷನ್ ಕೊಡುವವನ ಮುಖ ಸಣ್ಣದಾಗುತ್ತದೆ. ಆರು ತಿಂಗಳು ಒಟ್ಟಿಗೆ ಕಟ್ಟಿದರೆ ರೂಟರ್ ಫ್ರೀ. 3,533 ರೂಪಾಯಿ. ಇನ್‌ಸ್ಟಾಲೇಶನ್ ಕೂಡ ಫ್ರೀ. ಕಂಬದಿಂದ ಮನೆವರೆಗಿನ ಕೇಬಲ್ಲಿಗೆ ಮಾತ್ರ ಬೇರೆ ದುಡ್ಡು. ಏರಿದವನ ಕೈಗೆ ಟೀ ಕಾಸು ಬೇರೆ.

ಮಗ್ಗದ ಕೂಲಿ ವಾರಕ್ಕೊಮ್ಮೆ ಬರುತ್ತದೆ. ವಾರದ ಕೂಲಿಯವನು ಆರು ತಿಂಗಳ ಅಡ್ವಾನ್ಸ್ ಎಲ್ಲಿಂದ ತರಬೇಕು? ತರಲಾರ. ಅದಕ್ಕೇ ಇಪ್ಪತ್ತೆಂಟು ದಿನದ ರೀಚಾರ್ಜ್ ಮಾಡುತ್ತಾನೆ. ವರ್ಷದ ಕೊನೆಗೆ ಆರು ತಿಂಗಳ ಅಡ್ವಾನ್ಸ್ ಕಟ್ಟುವ ತಾಕತ್ತಿದ್ದವನಿಗಿಂತ ಎರಡು ಪಟ್ಟು ಹೆಚ್ಚು ಕೊಟ್ಟಿರುತ್ತಾನೆ. ಬಡವನಾಗಿರುವುದು ಈ ದೇಶದಲ್ಲಿ ಬಹಳ ದುಬಾರಿ ಅಭ್ಯಾಸ.

ಸರಿ, ಸಾಲ ಸೋಲ ಮಾಡಿ ಕಟ್ಟಿದಿರಿ. ತಂತಿ ಬಂತು. ಕರೆಂಟು ಕಂಬದಿಂದ ಬೇವಿನ ಮರಕ್ಕೆ, ಮರದಿಂದ ಪಕ್ಕದ ಮನೆ ಟೆರೇಸಿನ ಕಬ್ಬಿಣಕ್ಕೆ, ಅಲ್ಲಿಂದ ನಿಮ್ಮ ಕಿಟಕಿಗೆ. ಗೋಡೆಯ ಮೇಲೆ ಬಿಳಿ ಡಬ್ಬ. ಡಬ್ಬದಲ್ಲಿ ಹಸಿರು ದೀಪಗಳು. ಒಂದು ವಾರದಲ್ಲಿ ಮಗ್ಗದ ಹತ್ತಿ ಧೂಳು ಅದರ ಮೇಲೆ ಕೂತು ಡಬ್ಬಕ್ಕೆ ಮೀಸೆ ಬಂದಿರುತ್ತದೆ. ಆಮೇಲೆ ಒಂದು ದಿನ ಹಸಿರು ಹೋಗಿ ಕೆಂಪು ಮಿಣುಕುತ್ತದೆ. ಅದರ ಪಕ್ಕ ಎಲ್‌ಒಎಸ್ ಅಂತ ಮೂರಕ್ಷರ. ಓದು ಬಾರದ ಅಜ್ಜಿಯರಿಗೂ ನಮ್ಮೂರಲ್ಲಿ ಆ ಮೂರಕ್ಷರ ಗೊತ್ತು.

ಹುಡುಗನಿಗೆ ಫೋನ್ ಮಾಡುತ್ತೀರಿ. ಅವನೇ ಕೇಬಲ್ ಟಿವಿಗೂ, ನೆಟ್ಟಿಗೂ, ಇಡೀ ಏರಿಯಾಕ್ಕೂ.

‘ಅಣ್ಣಾ, ಮೇನ್ ರೋಡಲ್ಲಿ ಜೆಸಿಬಿ ಕಟ್ ಮಾಡ್ಬಿಟ್ಟಿದೆ.’

‘ಯಾವಾಗ ಜಾಯಿಂಟ್ ಮಾಡ್ತೀಯಪ್ಪ?’

‘ಸ್ಪ್ಲೈಸಿಂಗ್ ಮಿಷನ್ ಸೇಲಂಗೆ ಹೋಗಿದೆಯಣ್ಣ. ಬಂದ ಕೂಡಲೇ ಮಾಡ್ಬುಡ್ತೀನಿ.’

ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯನ್ನು ಬೆಸೆಯಲು ಒಂದು ಮಿಷನ್ ಬೇಕು. ಅದು ದುಬಾರಿ. ಹಾಗಾಗಿ ಸುತ್ತಮುತ್ತಲ ಊರಿಗೆಲ್ಲ ಒಂದೇ. ಅದು ಯಾವಾಗಲೂ ಬೇರೆ ಊರಲ್ಲಿರುತ್ತದೆ. ಎಳೆ ಹರಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಂಟು ಹಾಕುವ ನೇಕಾರರ ಬೀದಿಯಲ್ಲಿ ಒಂದು ಎಳೆ ಗಾಜು ಹರಿದು ದಿನಗಟ್ಟಲೆ ಬಿದ್ದಿರುತ್ತದೆ. ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನ ಸಂಬಳ ಕೇಳಿದರೆ ನೀವೇ ಅವನಿಗೆ ಊಟ ಹಾಕುತ್ತೀರಿ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನೋಡಿ. ತಮಿಳಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು. ಯಾವುದನ್ನು ಒತ್ತಿದರೂ ಉತ್ತರ ಒಂದೇ: ರೂಟರ್ ಆಫ್ ಮಾಡಿ ಆನ್ ಮಾಡಿ. ಜೆಸಿಬಿ ಹರಿದ ತಂತಿ ನನ್ನ ರೂಟರ್ ಆಫ್ ಮಾಡಿದರೆ ಹೇಗೆ ಕೂಡಿಕೊಳ್ಳುತ್ತದೆ ತಾಯಿ ಅಂದರೆ, ‘ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಸರ್’ ಅನ್ನುತ್ತಾರೆ. ಸಂಜೆ ಮೆಸೇಜ್: ನಿಮ್ಮ ದೂರು ಪರಿಹಾರವಾಗಿದೆ, ದಯವಿಟ್ಟು ಈ ಲಿಂಕ್ ತೆರೆದು ನಕ್ಷತ್ರ ಕೊಡಿ. ಲಿಂಕ್ ತೆರೆಯಲು ನೆಟ್ ಬೇಕು.

ಬೇರೆ ಕಂಪನಿಗೆ ಹೋಗಿ ಅನ್ನುತ್ತೀರಾ? ಮಾರುಕಟ್ಟೆ, ಸ್ಪರ್ಧೆ, ಗ್ರಾಹಕನೇ ದೇವರು? ನಮ್ಮ ದೇವರಿಗೆ ಬೀದಿಗೊಬ್ಬನೇ ಪೂಜಾರಿ. ಈ ಬೀದಿ ಇವನದ್ದು, ಆ ಬೀದಿ ಅವನದ್ದು. ದಾಟಿ ಬಂದರೆ ರಾತ್ರೋರಾತ್ರಿ ತಂತಿ ತನ್ನಷ್ಟಕ್ಕೇ ತುಂಡಾಗುತ್ತದೆ. ಇಲಿ ಕಡಿಯಿತು ಅನ್ನುತ್ತಾರೆ. ಇಲಿಗೆ ಕಟಿಂಗ್ ಪ್ಲೇಯರ್ ಹಿಡಿಯಲು ಯಾರು ಕಲಿಸಿದರೋ.

ಇದೆಲ್ಲ ಸಣ್ಣವರ ಪಾಡು. ದೊಡ್ಡವರ ಕಥೆ ಇನ್ನೂ ಸೊಗಸು.

2011ರ ಅಕ್ಟೋಬರ್. ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುತ್ತೇವೆ ಎಂದು ಮನಮೋಹನ್ ಸಿಂಗ್ ಸರ್ಕಾರ ತೀರ್ಮಾನಿಸಿತು. ಸುಮಾರು 20,000 ಕೋಟಿ ರೂಪಾಯಿ, ಎರಡು ವರ್ಷದ ಗಡುವು. ಎರಡು ವರ್ಷ ಮುಗಿಯಿತು. ತಂತಿ ಮುಗಿಯಲಿಲ್ಲ. ಮುಂದೆ ಸರ್ಕಾರ ಬದಲಾಯಿತು. ಕೆಲಸ ಬದಲಾಗಲಿಲ್ಲ, ಹೆಸರು ಬದಲಾಯಿತು: 2015ರಲ್ಲಿ ಅದು ಭಾರತ್‌ನೆಟ್. 2017ರಲ್ಲಿ ಎರಡನೇ ಹಂತ. 2020ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಣೆ: ಒಂದು ಸಾವಿರ ದಿನಗಳಲ್ಲಿ ಆರು ಲಕ್ಷ ಹಳ್ಳಿಗಳಿಗೂ ಫೈಬರ್. ಸಾವಿರ ದಿನ 2023ರ ಮೇ ತಿಂಗಳಲ್ಲಿ ತೀರಿದವು. ಆಗಸ್ಟ್‌ನಲ್ಲಿ ಇನ್ನೊಂದು ತೀರ್ಮಾನ ಬಂತು: ತಿದ್ದುಪಡಿ ಮಾಡಿದ ಭಾರತ್‌ನೆಟ್, 1,39,579 ಕೋಟಿ ರೂಪಾಯಿ. ಗಡುವು ತಪ್ಪಿದ್ದಕ್ಕೆ ನಮ್ಮಲ್ಲಿ ಶಿಕ್ಷೆ ಇಲ್ಲ. ಏಳು ಪಟ್ಟು ಬಜೆಟ್ ಇದೆ.

ರೀಚಾರ್ಜ್ ಒಂದು ದಿನ ತಡವಾದರೆ ನಿಮ್ಮ ಹೊರಹೋಗುವ ಕರೆ ಬಂದ್. ಹತ್ತು ವರ್ಷ ತಡವಾದರೆ ಕ್ಯಾಬಿನೆಟ್ ಒಪ್ಪಿಗೆ.

ತಮಿಳುನಾಡು ಹಿಂದೆ ಬಿದ್ದೀತೇ? 2018ರಲ್ಲಿ ತಾನ್‌ಫಿನೆಟ್ ಎಂಬ ನಿಗಮ ಹುಟ್ಟಿತು. 12,525 ಪಂಚಾಯಿತಿಗಳಿಗೆ ಫೈಬರ್ ಎಳೆಯುವುದು ಅದರ ಕೆಲಸ. ಮರುವರ್ಷದ ಕೊನೆಗೆ ಸುಮಾರು 1,950 ಕೋಟಿಯ ಟೆಂಡರ್ ಕರೆದರು. ಷರತ್ತುಗಳು ಕೆಲವರ ಅಳತೆಗೆ ಹೊಲಿದ ಹಾಗಿವೆ ಎಂಬ ದೂರು ದೆಹಲಿ ಮುಟ್ಟಿತು. ಏನೂ ತಪ್ಪಾಗಿಲ್ಲ ಎಂದು ರಾಜ್ಯ ಸರ್ಕಾರ ಹೇಳಿತು. 2020ರ ಜೂನ್‌ನಲ್ಲಿ ಕೇಂದ್ರ ಆ ಟೆಂಡರನ್ನು ರದ್ದು ಮಾಡಿ, ಹೊಸದಾಗಿ ಕರೆಯಿರಿ ಅಂದಿತು. ಆಗ ಮುಖ್ಯಮಂತ್ರಿ ಯಾರು? ನಮ್ಮೂರಿನವರು. ಆ ತಿಂಗಳು ನಮ್ಮೂರಿನ ಮಕ್ಕಳು ಏನು ಮಾಡುತ್ತಿದ್ದರು? ಲಾಕ್‌ಡೌನಿನಲ್ಲಿ ಸಿಗ್ನಲ್ ಹುಡುಕಿಕೊಂಡು ಮಹಡಿ ಹತ್ತುತ್ತಿದ್ದರು.

ಹೊಸ ಸರ್ಕಾರ ಬಂದು, 2022ರ ಜೂನ್‌ನಲ್ಲಿ ಕನ್ಯಾಕುಮಾರಿ ಜಿಲ್ಲೆಯಲ್ಲಿ ಕೆಲಸಕ್ಕೆ ಚಾಲನೆ ಕೊಟ್ಟಿತು. ರಾಜ್ಯದ ಕೊನೆಯ ತುದಿಯಿಂದ ಶುರು. ನಾವು ಇನ್ನೊಂದು ತುದಿ. ಈ ಸರ್ಕಾರಕ್ಕೆ ಆ ಸರ್ಕಾರ ತಡ ಮಾಡಿತು, ಆ ಸರ್ಕಾರಕ್ಕೆ ದೆಹಲಿ ಅಡ್ಡ ಬಂತು, ದೆಹಲಿಗೆ ರಾಜ್ಯಗಳೇ ಅಡ್ಡಿ. ಮೂವರೂ ಹೇಳುವುದನ್ನು ಕೇಳಿದರೆ ತಪ್ಪು ನಮ್ಮದೇ ಇರಬೇಕು ಅನ್ನಿಸುತ್ತದೆ.

ಇಷ್ಟಾಗಿ ಆ ಫೈಬರ್ ಬರುವುದು ಎಲ್ಲಿಗೆ? ಪಂಚಾಯಿತಿ ಕಚೇರಿಗೆ. ಮನೆಗಲ್ಲ. ನಮ್ಮ ಸುತ್ತಿನ ಒಂದು ಪಂಚಾಯಿತಿ ಕಚೇರಿಯಲ್ಲಿ ಆ ಪೆಟ್ಟಿಗೆಯನ್ನು ನೋಡಿದ್ದೇನೆ. ಗೋಡೆಗೆ ಬಡಿದ ಕಬ್ಬಿಣದ ಬೀರು. ಬೀಗ ಜಡಿದಿದೆ. ಒಳಗೆ ಫೈಬರ್. ಮೇಲೆ ಸುಣ್ಣ ಬಳಿಯುವ ಬ್ರಶ್ಶು, ಹಳೆಯ ವೋಟರ್ ಲಿಸ್ಟಿನ ಕಟ್ಟು. ಬೀಗದ ಕೈ ಯಾರ ಹತ್ತಿರ ಇದೆ ಅಂದೆ. ಗುಮಾಸ್ತರು ನಕ್ಕರು. ಸರ್ಕಾರದ ಲೆಕ್ಕದಲ್ಲಿ ಆ ಊರು ‘ಸಂಪರ್ಕಗೊಂಡಿದೆ’.

ತಂತಿ ಮನೆಗೆ ಮುಟ್ಟಿಸಲು ಸರ್ಕಾರಕ್ಕೆ ಬರುವುದಿಲ್ಲ ಅಂದುಕೊಳ್ಳಬೇಡಿ. ಬರುತ್ತದೆ, ಬೇಕಾದಾಗ. 2006ರಲ್ಲಿ ಗೆದ್ದವರು ಮನೆ ಮನೆಗೆ ಕಲರ್ ಟಿವಿ ಹಂಚಿದರು. 2011ರಲ್ಲಿ ಗೆದ್ದವರು ಕೆಲವೇ ತಿಂಗಳಲ್ಲಿ ಸರ್ಕಾರದ್ದೇ ಆದ ಅರಸು ಕೇಬಲ್ಲಿಗೆ ಜೀವ ಕೊಟ್ಟು, ತಿಂಗಳಿಗೆ 70 ರೂಪಾಯಿಗೆ ಆ ಟಿವಿಗೆ ತಂತಿಯನ್ನೂ ಕೊಟ್ಟರು. ಅದೇ ವರ್ಷ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್. ಟಿವಿ ಇರಬೇಕು, ಕೇಬಲ್ ಇರಬೇಕು, ಲ್ಯಾಪ್‌ಟಾಪೂ ಇರಬೇಕು. ಇಂಟರ್ನೆಟ್ ಮಾತ್ರ ಯಾರಿಗೂ ನೆನಪಾಗಲಿಲ್ಲ. ಟಿವಿಯಲ್ಲಿ ನಾಯಕರು ಮಾತಾಡುತ್ತಾರೆ, ನಾವು ಕೇಳುತ್ತೇವೆ. ಇಂಟರ್ನೆಟ್‌ನಲ್ಲಿ ನಾವೂ ತಿರುಗಿ ಮಾತಾಡಬಹುದು. ಯಾವುದಕ್ಕೆ ಮೊದಲು ತಂತಿ ಎಳೆಯಬೇಕು ಅನ್ನುವುದರಲ್ಲಿ ಯಾವ ಪಕ್ಷಕ್ಕೂ ಗೊಂದಲವಿರಲಿಲ್ಲ.

ನೆನಪಾಗಲೇ ಇಲ್ಲ ಅಂದರೆ ತಪ್ಪು. ಒಂದು ಸಲ ನೆನಪಾಯಿತು. 2021ರ ಜನವರಿಯಲ್ಲಿ. 9.69 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ ಎರಡು ಜಿಬಿಯ ಡೇಟಾ ಕಾರ್ಡ್ ಉಚಿತ. ಜನವರಿಯಿಂದ ಏಪ್ರಿಲ್‌ವರೆಗೆ. ಆನ್‌ಲೈನ್ ಪಾಠ ಶುರುವಾಗಿ ಆಗಲೇ ಅರ್ಧ ವರ್ಷ ದಾಟಿತ್ತು. ಹಾಗಿದ್ದರೂ ಜನವರಿಯಿಂದಲೇ ಯಾಕೆ, ಏಪ್ರಿಲ್‌ಗೇ ಯಾಕೆ ಮುಗಿಯಿತು ಎಂದು ಕೇಳಬೇಡಿ. ಮತದಾನ ಏಪ್ರಿಲ್ 6ಕ್ಕೆ ಇತ್ತು. ಜ್ಞಾನದ ಹಸಿವಿಗೂ ಒಂದು ವ್ಯಾಲಿಡಿಟಿ ಇರುತ್ತದೆ.

ಕೊಡುವುದಕ್ಕೆ ಹದಿನಾಲ್ಕು ವರ್ಷ ಸಾಲದವರಿಗೆ ಕಿತ್ತುಕೊಳ್ಳುವುದಕ್ಕೆ ಒಂದು ಗಂಟೆ ಸಾಕು. 2018ರ ಮೇ ತಿಂಗಳಲ್ಲಿ ತೂತ್ತುಕುಡಿಯಲ್ಲಿ ಸ್ಟೆರ್ಲೈಟ್ ವಿರೋಧಿ ಹೋರಾಟಗಾರರ ಮೇಲೆ ಗೋಲಿಬಾರ್ ಆಯಿತು. ಮರುದಿನವೇ ತೂತ್ತುಕುಡಿ, ತಿರುನೆಲ್ವೇಲಿ, ಕನ್ಯಾಕುಮಾರಿ ಮೂರೂ ಜಿಲ್ಲೆಗಳಲ್ಲಿ ಇಂಟರ್ನೆಟ್ ಬಂದ್. ಟೆಂಡರ್ ಇಲ್ಲ, ಸರ್ವೆ ಇಲ್ಲ, ಜೆಸಿಬಿ ಬೇಕಿಲ್ಲ. ನಮ್ಮ ಆಡಳಿತದ ದಕ್ಷತೆಯ ಬಗ್ಗೆ ಯಾರಿಗಾದರೂ ಅನುಮಾನವಿದ್ದರೆ ಆ ಆದೇಶ ಓದಬೇಕು.

ಈಗ ಅಸಲಿ ವಿಷಯ. ಇಂಟರ್ನೆಟ್ ಇಲ್ಲದಿದ್ದರೆ ಇಲ್ಲ ಬಿಡಿ, ನಮ್ಮ ಅಜ್ಜಂದಿರು ಬದುಕಲಿಲ್ಲವೇ ಅನ್ನಬಹುದಿತ್ತು. ಅನ್ನುವ ಹಾಗಿಲ್ಲ. ಯಾಕೆಂದರೆ ಸರ್ಕಾರ ಒಂದೊಂದೇ ಕೌಂಟರ್ ಮುಚ್ಚುತ್ತಾ ಬಂದಿದೆ. ಪ್ರತಿ ಮುಚ್ಚಿದ ಕಿಟಕಿಯ ಮೇಲೂ ಒಂದು ವೆಬ್‌ಸೈಟಿನ ವಿಳಾಸ ಅಂಟಿಸಿದೆ.

ಇಂಜಿನಿಯರಿಂಗ್ ಕೌನ್ಸೆಲಿಂಗ್ 2018ರಿಂದ ಆನ್‌ಲೈನ್. ಅದೇ ವರ್ಷದ ಏಪ್ರಿಲ್‌ನಿಂದ ರಾಜ್ಯ ದಾಟುವ ಐವತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟ ಸರಕಿಗೆ ಇ-ವೇ ಬಿಲ್. ಬೆಂಗಳೂರಿನ ಚಿಕ್ಕಪೇಟೆಗೆ ನಾಲ್ಕು ಬೇಲ್ ಸೀರೆ ಹೋಗಬೇಕಾದರೂ ಮೊದಲು ಸರ್ವರ್ ಕೃಪೆ ಬೇಕು. ಲಾರಿ ಬಾಗಿಲಲ್ಲಿ ನಿಂತಿರುತ್ತದೆ. ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಮಾಲೀಕ ಫೋನನ್ನು ಆಕಾಶಕ್ಕೆ ಹಿಡಿದು ಮಹಡಿ ಮೇಲೆ ಸುತ್ತುತ್ತಾನೆ. ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾದರೆ ದಂಡ. ನೆಟ್ ಇರಲಿಲ್ಲ ಎಂಬ ಕಾರಣ ಬರೆಯಲು ಆ ಫಾರಂನಲ್ಲಿ ಜಾಗವಿಲ್ಲ.

ರೇಷನ್ ಅಂಗಡಿಯಲ್ಲಿ ಬೆರಳಚ್ಚು. ನೂಲು ಹಿಡಿದು ಹಿಡಿದು ಗೆರೆ ಸವೆದ ಬೆರಳು. ಬೆರಳು ಒಪ್ಪಿದರೆ ಸರ್ವರ್ ಒಪ್ಪುವುದಿಲ್ಲ. ಎರಡೂ ಒಪ್ಪಿದ ದಿನ ಸ್ಟಾಕ್ ಇಲ್ಲ.

ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು ಎಲ್ಲ ಆನ್‌ಲೈನ್. ಮನೆಯಲ್ಲಿ ನೆಟ್ ಇಲ್ಲವೇ? ಇ-ಸೇವೈ ಕೇಂದ್ರಕ್ಕೆ ಹೋಗಿ, ಅರವತ್ತು ರೂಪಾಯಿ ಶುಲ್ಕ ಕೊಟ್ಟು, ಅಲ್ಲಿನ ಹುಡುಗಿ ಟೈಪ್ ಮಾಡುವುದನ್ನು ನೋಡುತ್ತಾ ನಿಲ್ಲಿ. ಆಮೇಲೆ ಒಟಿಪಿ ಬರುತ್ತದೆ. ರೀಚಾರ್ಜ್ ಮುಗಿದು ಬಹಳ ದಿನವಾದ ಫೋನಿಗೆ ಒಟಿಪಿ ಬರುವುದಿಲ್ಲ. ಅಂದರೆ ಅರವತ್ತು ರೂಪಾಯಿಯ ಸರ್ಟಿಫಿಕೇಟಿಗೆ ಮೊದಲು ಕಂಪನಿಗೆ ಕಪ್ಪ ಕಟ್ಟಬೇಕು. ನಾನು ಬಡವ ಎಂದು ಸಾಬೀತು ಮಾಡಲು ಎಷ್ಟು ದುಡ್ಡು ಬೇಕು ನೋಡಿ.

ಹಿಂದೆ ಲಂಚ ಕೊಟ್ಟು ಕೆಲಸವಾಗುತ್ತಿತ್ತು. ಈಗ ಡಿಜಿಟಲ್ ಆಗಿದೆ. ಲಂಚಕ್ಕೆ ರಸೀದಿ ಸಿಗುತ್ತದೆ, ಕೆಳಗೆ ಸರ್ವಿಸ್ ಚಾರ್ಜ್ ಅಂತ ಬರೆದಿರುತ್ತದೆ.

ಕೋರ್ಟುಗಳೇನೋ ಒಳ್ಳೆಯ ಮಾತನ್ನೇ ಆಡಿವೆ. 2019ರಲ್ಲಿ ಕೇರಳ ಹೈಕೋರ್ಟು, ಹಾಸ್ಟೆಲಿನಲ್ಲಿ ಮೊಬೈಲ್ ನಿರ್ಬಂಧಿಸಿದ್ದನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯ ಪ್ರಕರಣದಲ್ಲಿ, ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂದಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಇಂಟರ್ನೆಟ್ ಮೂಲಕ ಮಾತಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ ರಕ್ಷಣೆಯಿದೆ ಅಂದಿತು. 2025ರ ಏಪ್ರಿಲ್‌ನಲ್ಲಿ ಅದೇ ಕೋರ್ಟು, ಡಿಜಿಟಲ್ ಸೇವೆ ಎಟುಕುವುದು ಜೀವಿಸುವ ಹಕ್ಕಿಗೇ ಸೇರಿದ್ದು ಅಂದಿತು. ಓದಿ ಸಂತೋಷಪಟ್ಟೆ. ಪಿಡಿಎಫ್ ಡೌನ್‌ಲೋಡ್ ಆಗುವಷ್ಟರಲ್ಲಿ ಕೆಂಪು ದೀಪ ಬಂತು.

ಪಕ್ಕದ ಕೇರಳ ಹೇಳಿದ್ದನ್ನು ಮಾಡಲು ಹೊರಟಿತು. 2023ರ ಜೂನ್‌ನಲ್ಲಿ ಕೆ-ಫೋನ್ ಉದ್ಘಾಟನೆ. ಇಪ್ಪತ್ತು ಲಕ್ಷ ಬಡ ಮನೆಗಳಿಗೆ ಉಚಿತ ಇಂಟರ್ನೆಟ್ ಎಂಬ ಮಾತು. ಮೊದಲ ಹಂತಕ್ಕೆ ವಿಧಾನಸಭಾ ಕ್ಷೇತ್ರಕ್ಕೆ ನೂರರಂತೆ 14,000 ಮನೆ. ಇಪ್ಪತ್ತು ಲಕ್ಷಕ್ಕೂ ಹದಿನಾಲ್ಕು ಸಾವಿರಕ್ಕೂ ನಡುವೆ ಇರುವ ಅಂತರಕ್ಕೆ ಆಡಳಿತ ಭಾಷೆಯಲ್ಲಿ ‘ಹಂತ ಹಂತವಾಗಿ’ ಅನ್ನುತ್ತಾರೆ. ಆದರೂ ಕೇರಳ ಪ್ರಯತ್ನಪಟ್ಟಿತು. ಪ್ರಯತ್ನವನ್ನೂ ಹೊಗಳುವ ಗತಿ ನಮಗೆ ಬಂದಿದೆ.

ಕರ್ನಾಟಕದವರು ನಗಬೇಡಿ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಿಂದ ಬಂದ ಫೋಟೋ ನೆನಪಿದೆಯೇ? ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ. ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಎಲ್ಲ ಪತ್ರಿಕೆಗಳೂ ಛಾಪಿಸಿದವು. ಎಲ್ಲರೂ ಶೇರ್ ಮಾಡಿದರು. ತಂದೆಯ ಪ್ರೀತಿ, ಮಗಳ ಛಲ, ಕಣ್ಣಲ್ಲಿ ನೀರು. ಬೆಂಗಳೂರನ್ನು ಸಿಲಿಕಾನ್ ಸಿಟಿ ಅಂತ ಮೆರೆಸುವ ರಾಜ್ಯದಲ್ಲಿ ಮಗು ಮಳೆಯಲ್ಲಿ ಯಾಕೆ ಕೂರಬೇಕು ಎಂದು ಕೇಳಿದವರಿಗೆ ಅಷ್ಟು ಲೈಕ್ ಬರಲಿಲ್ಲ. ಸರ್ಕಾರದ ಸೋಲಿಗೆ ಪ್ರಜೆಯ ಛಲ ಅಂತ ಹೆಸರಿಟ್ಟು ಹಾರ ಹಾಕುವುದು ನಮಗೆ ಕರಗತ.

ಅಯ್ಯೋ, ಆಫ್ರಿಕಾಕ್ಕಿಂತ ವಾಸಿ ಅಲ್ಲವೇ ಅನ್ನುವವರಿದ್ದಾರೆ. ಸರ್ಕಾರವನ್ನು ಸಮರ್ಥಿಸಲು ಬೇರೇನೂ ಸಿಗದಾಗ ಆಫ್ರಿಕಾ ಸಿಗುತ್ತದೆ. ಅಲ್ಲಿನ ಕಥೆ ಕೇಳಿದರೆ ನಮ್ಮ ಬೀದಿಯ ಕಥೆಯೇ ಅನ್ನಿಸುತ್ತದೆ.

2009ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕಂಪನಿ ತನ್ನ ದೇಶದ ಬ್ರಾಡ್‌ಬ್ಯಾಂಡಿಗೆ ರೋಸಿಹೋಗಿ ಒಂದು ಪಂದ್ಯ ಇಟ್ಟಿತು. ನಾಲ್ಕು ಜಿಬಿ ಡೇಟಾವನ್ನು ಹೋವಿಕ್‌ನಿಂದ ಡರ್ಬನ್‌ಗೆ ಕಳಿಸಬೇಕು. ಒಂದು ಕಡೆ ಟೆಲ್ಕಾಂ ಸಂಸ್ಥೆಯ ತಂತಿ. ಇನ್ನೊಂದು ಕಡೆ ವಿನ್‌ಸ್ಟನ್ ಎಂಬ ಪಾರಿವಾಳ, ಕಾಲಿಗೆ ಮೆಮೊರಿ ಕಾರ್ಡ್. ಹಾರಿ, ಇಳಿದು, ಕಾರ್ಡಿನಿಂದ ಕಾಪಿ ಮಾಡುವುದೂ ಸೇರಿ ಪಾರಿವಾಳಕ್ಕೆ ಸುಮಾರು ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ತಂತಿ ಕಳಿಸಿದ್ದು ನಾಲ್ಕು ಪರ್ಸೆಂಟ್. ಎಡಪ್ಪಾಡಿಯ ಡಿಸೈನ್ ಹುಡುಗರು ದೊಡ್ಡ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಸೇಲಂ ಬಸ್ಸು ಹತ್ತುತ್ತಾರೆ. ಪಾರಿವಾಳಕ್ಕೆ ಟಿಕೆಟ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನೈಜೀರಿಯಾದಲ್ಲಿ ತಂತಿ ಹೂಳಲು ರಸ್ತೆ ಅಗೆಯಬೇಕಾದರೆ ಒಂದೊಂದು ರಾಜ್ಯ ಒಂದೊಂದು ದರ ಕೇಳುತ್ತಿತ್ತು. ಮೀಟರಿಗೆ 145 ನೈರಾ ಮೀರಬಾರದು ಎಂದು ಗವರ್ನರುಗಳೆಲ್ಲ 2020ರಲ್ಲಿ ಕೂತು ಒಪ್ಪಿದರು. ಮನೆಗೆ ಹೋಗಿ ಹಲವರು ಮರೆತರು. ನಮ್ಮಲ್ಲೂ 2016ರಲ್ಲಿ ರಸ್ತೆ ಹಕ್ಕಿನ ನಿಯಮ ಬಂತು, 2024ರಲ್ಲಿ ಇನ್ನೊಂದು ಬಂತು. ರಸ್ತೆಗೆ ಹೆದ್ದಾರಿ ಇಲಾಖೆ, ಕಂಬಕ್ಕೆ ವಿದ್ಯುತ್ ಇಲಾಖೆ, ಚರಂಡಿಗೆ ನಗರಸಭೆ, ನಿಯಮ ಓದದ ಕೌನ್ಸಿಲರಿಗೆ ಬೇರೆ. ಆ ದುಡ್ಡನ್ನು ಕಂಪನಿ ತನ್ನ ಜೇಬಿನಿಂದ ಕೊಡುತ್ತದೆಯೇ? ನಿಮ್ಮ 589ರಲ್ಲಿ ಅದೂ ಇದೆ.

ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ಒಂದು ಗುರಿ ಇಟ್ಟಿತ್ತು: 2025ರೊಳಗೆ ಸಾಮಾನ್ಯ ಬ್ರಾಡ್‌ಬ್ಯಾಂಡಿನ ಬೆಲೆ ತಲಾ ಮಾಸಿಕ ಆದಾಯದ ಎರಡು ಪರ್ಸೆಂಟಿಗಿಂತ ಕಡಿಮೆ ಇರಬೇಕು. ಆಫ್ರಿಕಾದ ಎಷ್ಟೋ ದೇಶಗಳಿಗೆ ಅದು ಇನ್ನೂ ದೂರ. ಭಾರತ ಸರಾಸರಿಯಲ್ಲಿ ಪಾಸು. ಸರಾಸರಿ ಅಂದರೆ ಅಂಬಾನಿಯ ಆದಾಯವನ್ನೂ ಮಗ್ಗದ ಕೂಲಿಯವನ ಆದಾಯವನ್ನೂ ಕೂಡಿಸಿ ಭಾಗಿಸುವುದು. ಭಾಗಿಸಿದ ಮೇಲೆ ಕೂಲಿಯವನ ಕೈಗೆ ಏನೂ ಬರುವುದಿಲ್ಲ. ಸರ್ಕಾರದ ಕೈಗೆ ಒಂದು ಸ್ಲೈಡ್ ಬರುತ್ತದೆ.

ಸ್ಲೈಡುಗಳಿಗೆ ಬರವಿಲ್ಲ. 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿಯ ಪ್ರಕಾರ 2022ರೊಳಗೆ ಪ್ರತಿಯೊಬ್ಬ ಪ್ರಜೆಗೂ 50 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್. 2022 ಮುಗಿಯಿತು. 2023ರ ಜನವರಿಯಲ್ಲಿ ಸರ್ಕಾರ ಗೆಜೆಟ್ ಹೊರಡಿಸಿತು: ಇನ್ನು ಮುಂದೆ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನತಕ್ಕದ್ದು. ಐವತ್ತು ಕೊಡುತ್ತೇನೆ ಅಂದವರು ಎರಡಕ್ಕೆ ಸಹಿ ಹಾಕಿದರು. ದೇಶದಲ್ಲಿ ಮನೆಗೆ ತಂತಿಯ ಬ್ರಾಡ್‌ಬ್ಯಾಂಡ್ ಪಡೆದವರ ಸಂಖ್ಯೆ ನಾಲ್ಕು ಕೋಟಿ ಚಿಲ್ಲರೆ. ಉಳಿದ ತೊಂಬತ್ತು ಕೋಟಿಗೂ ಹೆಚ್ಚು ಸಂಪರ್ಕ ಅಂಗೈಯಲ್ಲಿ. ಅಂಗೈಯಲ್ಲಿ ಅರಮನೆ ತೋರಿಸುವುದು ನಮ್ಮಲ್ಲಿ ಹಳೆಯ ವಿದ್ಯೆ.

ದುಡ್ಡಿಲ್ಲ ಅನ್ನಬೇಡಿ. ದುಡ್ಡು ನಾವೇ ಕೊಟ್ಟಿದ್ದೇವೆ. 2002ರಿಂದ ಟೆಲಿಕಾಂ ಕಂಪನಿಗಳ ಆದಾಯದಲ್ಲಿ ಐದು ಪರ್ಸೆಂಟ್ ಒಂದು ನಿಧಿಗೆ ಹೋಗುತ್ತಿದೆ. ಹಳ್ಳಿ ಊರುಗಳಿಗೆ ಸಂಪರ್ಕ ಕೊಡಲೆಂದೇ ಇಟ್ಟ ನಿಧಿ. ಕಂಪನಿಯ ಆದಾಯವೆಂದರೆ ನಮ್ಮ ರೀಚಾರ್ಜ್. ಹೀಗೆ ತಂತಿಯಿಲ್ಲದ ಊರಿನವನು ತನ್ನ ಊರಿಗೆ ಬರದ ತಂತಿಗೆ ಇಪ್ಪತ್ತೆಂಟು ದಿನಕ್ಕೊಮ್ಮೆ ಕಂತು ಕಟ್ಟುತ್ತಿದ್ದಾನೆ. ನಿಧಿಗೂ ಈಗ ಹೊಸ ಹೆಸರು: ಡಿಜಿಟಲ್ ಭಾರತ್ ನಿಧಿ. ಹೆಸರಿಡುವ ಇಲಾಖೆಯೊಂದು ಈ ದೇಶದಲ್ಲಿ ಗಡುವಿಗೆ ಸರಿಯಾಗಿ ಕೆಲಸ ಮಾಡುತ್ತದೆ.

ಇದರ ಮೇಲೆ ಬಿಎಸ್‌ಎನ್‌ಎಲ್ ಉಳಿಸಲು 2019ರಲ್ಲಿ ಸುಮಾರು 69,000 ಕೋಟಿ, 2022ರಲ್ಲಿ 1.64 ಲಕ್ಷ ಕೋಟಿ, 2023ರಲ್ಲಿ 89,000 ಕೋಟಿ. ಅದೇ ಬಿಎಸ್‌ಎನ್‌ಎಲ್ ತನ್ನ ಟವರುಗಳನ್ನು ಹಂಚಿಕೊಂಡ ರಿಲಯನ್ಸ್ ಜಿಯೋಗೆ 2014ರಿಂದ ಹತ್ತು ವರ್ಷ ಸರಿಯಾಗಿ ಬಿಲ್ ಮಾಡಲೇ ಇಲ್ಲವಂತೆ. ಸರ್ಕಾರಕ್ಕೆ ಸುಮಾರು 1,757 ಕೋಟಿ ನಷ್ಟ ಎಂದು 2025ರಲ್ಲಿ ಸಿಎಜಿ ಹೇಳಿತು. ನಿಮ್ಮ ಮನೆಯ ಬಿಲ್ ಯಾವತ್ತಾದರೂ ಕಳಿಸಲು ಮರೆತಿದ್ದಾರೆಯೇ? ನೆನಪಿನ ಶಕ್ತಿ ಗಿರಾಕಿಯ ಸೈಜು ನೋಡಿ ಕೆಲಸ ಮಾಡುತ್ತದೆ.

ಕರೆಂಟಿನ ವಿಷಯದಲ್ಲಿ ಹೀಗಿಲ್ಲ. ಪವರ್‌ಲೂಮಿಗೆ ಎರಡು ತಿಂಗಳಿಗೆ 750 ಯೂನಿಟ್ ಉಚಿತವಿತ್ತು, 2023ರಲ್ಲಿ ಅದನ್ನು 1,000 ಮಾಡಿದರು. ಯಾಕೆ ಕೊಟ್ಟರು? ಕರೆಂಟಿಲ್ಲದೆ ಮಗ್ಗ ಓಡುವುದಿಲ್ಲ ಅನ್ನುವುದು ಗೊತ್ತಿರುವುದರಿಂದ. ನೇಕಾರರು ಸಂಘ ಕಟ್ಟಿ, ಮಗ್ಗ ನಿಲ್ಲಿಸಿ, ಬೀದಿಗಿಳಿದು ಕೇಳುತ್ತಾರೆ ಎಂಬ ಭಯವೂ ಇರುವುದರಿಂದ. ಇಂಟರ್ನೆಟ್ಟಿಗೆ ನಾವು ಬೀದಿಗಿಳಿಯುವುದಿಲ್ಲ. ಮಹಡಿ ಹತ್ತುತ್ತೇವೆ.

ಆದ್ದರಿಂದ ನನ್ನದೊಂದು ಸಣ್ಣ ಬೇಡಿಕೆ. ಐವತ್ತು ಎಂಬಿಪಿಎಸ್ ಬೇಡ. ಆರನೇ ತಲೆಮಾರಿನ ತಂತ್ರಜ್ಞಾನದಲ್ಲಿ ವಿಶ್ವಗುರು ಆಗುವುದೂ ಬೇಡ. ಯಾವ ಊರಿಗೆ ತಂತಿ ಕೊಟ್ಟಿಲ್ಲವೋ ಆ ಊರಿನಿಂದ ಆನ್‌ಲೈನ್ ಅರ್ಜಿ ಕೇಳಬೇಡಿ. ಯಾವ ದಿನ ಸರ್ವರ್ ಬಿದ್ದಿರುತ್ತದೋ ಆ ದಿನದ ದಂಡ ಸರ್ವರಿಗೆ ಹಾಕಿ. ಇ-ಸೇವೈಯ ಅರವತ್ತು ರೂಪಾಯಿಯನ್ನು ಆ ಐದು ಪರ್ಸೆಂಟಿನ ನಿಧಿಯಿಂದ ಕೊಡಿ, ಅದು ನಮ್ಮದೇ ದುಡ್ಡು. ತಾಲೂಕು ಕಚೇರಿಯಲ್ಲಿ ಮುಚ್ಚಿದ ಕಿಟಕಿ ತೆರೆದು ಒಬ್ಬ ಗುಮಾಸ್ತನನ್ನು ಕೂರಿಸಿ. ಕೈಯಲ್ಲಿ ಪೆನ್ನು, ಮುಂದೆ ಕಾಗದ. ಹಳೆಯ ತಂತ್ರಜ್ಞಾನ, ನಿಜ. ಆದರೆ ಅದನ್ನು ಜೆಸಿಬಿ ಕಟ್ ಮಾಡುವುದಿಲ್ಲ.

ಇದೂ ಆಗದು ಅಂದರೆ ಈ ಬೇಡಿಕೆಯನ್ನು ತಿರಸ್ಕರಿಸಬಹುದು. ತಿರಸ್ಕರಿಸಿದ ಆದೇಶವನ್ನು ಮಾತ್ರ ಅಂಚೆಯಲ್ಲಿ ಕಳಿಸಿ. ಪೋರ್ಟಲಿನಲ್ಲಿ ಹಾಕಿದರೆ ನಮಗೆ ತೆರೆಯುವುದಿಲ್ಲ.